ದೊಡ್ಡ ಮಕ್ಕಳ ಹೋಂಸ್ಕೂಲಿಂಗ್: ಆನ್‌ಲೈನ್‌ನಲ್ಲಿ ಇರುವುದರಲ್ಲಿ ಯಾವುದು ಯಾರಿಗೆ?

ಮಕ್ಕಳು ಚಿಕ್ಕವರಿದ್ದಾಗ ಮನೆಯಲ್ಲೇ ಕಲಿಸುವುದು ಅಷ್ಟು ಕಷ್ಟ ಅನ್ನಿಸುವುದಿಲ್ಲ. ಕಥೆ ಪುಸ್ತಕ, ಅಡುಗೆಮನೆ, ಸಂತೆ, ಹಿತ್ತಲು ಎಲ್ಲವೂ ಪಾಠವೇ. ಹದಿಮೂರು ದಾಟಿದ ಮೇಲೆ ವಿಷಯ ಬೇರೆ. ಬೀಜಗಣಿತ ಬರುತ್ತದೆ, ರಸಾಯನಶಾಸ್ತ್ರ ಬರುತ್ತದೆ. "ಹತ್ತನೇ ಕ್ಲಾಸು ಹೇಗೆ ಮಾಡಿಸ್ತೀರಿ?" ಅಂತ ನೆಂಟರು ಕೇಳತೊಡಗುತ್ತಾರೆ. ಎಲ್ಲ ವಿಷಯವನ್ನೂ ತಾವೇ ಹೇಳಿಕೊಡುವ ಅಪ್ಪ ಅಮ್ಮ ತೀರಾ ಕಡಿಮೆ. ಹಾಗಾಗಿ ಈ ವಯಸ್ಸಿನ ಹೊತ್ತಿಗೆ ಎಲ್ಲರೂ ಇಂಟರ್ನೆಟ್ ಕಡೆ ತಿರುಗುತ್ತಾರೆ.

ಅಲ್ಲಿ ರಾಶಿ ರಾಶಿ ಸಿಗುತ್ತದೆ. ಹೆಚ್ಚಿನವು ಪುಕ್ಕಟೆ, ಕೆಲವಂತೂ ನಿಜಕ್ಕೂ ಅದ್ಭುತ. ಆರಿಸಿಕೊಳ್ಳುವುದೇ ಕಷ್ಟ. ನಾನು ಹಿಡಿದುಕೊಂಡಿರುವ ಅಳತೆ ಒಂದೇ: ಆ ಅರ್ಧ ಗಂಟೆಯಲ್ಲಿ ಮಗುವಿನ ಕೈ ಏನು ಮಾಡಿತು? ಬರೆಯಿತಾ, ಲೆಕ್ಕ ಬಿಡಿಸಿತಾ, ಏನಾದರೂ ಜೋಡಿಸಿತಾ, ಅಥವಾ ಸುಮ್ನೆ ಮಡಿಲಲ್ಲಿ ಕೂತಿತ್ತಾ? ಎಷ್ಟು ಚೆನ್ನಾಗಿ ವಿವರಿಸಿದರೂ ಬರೀ ನೋಡಿಸಿ ಕಳಿಸುವ ಸಾಮಗ್ರಿಗಿಂತ, ಸಾಧಾರಣವಾಗಿ ವಿವರಿಸಿದರೂ ಮಾಡಿಸಿ, ತಪ್ಪು ಎಲ್ಲಿ ಅಂತ ತೋರಿಸುವ ಸಾಮಗ್ರಿ ದೊಡ್ಡ ಮಕ್ಕಳಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕೆಳಗಿನ ಹೋಲಿಕೆಯೆಲ್ಲ ಇದೇ ಅಳತೆಯಲ್ಲಿ ಮಾಡಿದ್ದು.

ಮೊದಲು ಪರೀಕ್ಷೆ ಯಾವುದು ಅಂತ ಗೊತ್ತಾಗಲಿ

ಆ್ಯಪ್ ಹುಡುಕುವ ಮೊದಲು ಮಗು ಹತ್ತನೆಯ ಮಟ್ಟದ ಯಾವ ಪರೀಕ್ಷೆ ಬರೆಯುತ್ತದೆ ಎಂದು ಯೋಚಿಸಿ. ಪಠ್ಯ, ಭಾಷೆ, ಪ್ರಯೋಗ, ಖರ್ಚು ಎಲ್ಲವೂ ಅದರ ಮೇಲೆ ನಿಂತಿವೆ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು. ಅದರಲ್ಲಿ ಮನೆಶಿಕ್ಷಣದ ಪ್ರಸ್ತಾಪವೇ ಇಲ್ಲ. ಆದರೆ ಹದಿನಾಲ್ಕಾದ ಮೇಲೆ ಸರ್ಕಾರವೇ ತೆರೆದಿಟ್ಟ ಒಂದು ದಾರಿ ಇದೆ: ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಒಎಸ್.

ಕೇಂದ್ರ ಶಿಕ್ಷಣ ಸಚಿವಾಲಯದ ಕೆಳಗಿರುವ ಈ ಸಂಸ್ಥೆ 1989ರಲ್ಲಿ ಶುರುವಾಯಿತು. ಹತ್ತಕ್ಕೆ ಕನಿಷ್ಠ ವಯಸ್ಸು 14, ಹನ್ನೆರಡಕ್ಕೆ 15. ಒಂದು ಭಾಷೆ ಸೇರಿ ಐದು ವಿಷಯ ಪಾಸಾದರೆ ಸರ್ಟಿಫಿಕೇಟು. ಐದನ್ನೂ ಒಟ್ಟಿಗೆ ಬರೆಯಬೇಕು ಅಂತಿಲ್ಲ. ನೋಂದಣಿ ಐದು ವರ್ಷ ನಡೆಯುತ್ತದೆ, ವರ್ಷಕ್ಕೆ ಎರಡು ಸಲ ಪರೀಕ್ಷೆ ಇರುತ್ತದೆ. ಈ ಸಲ ಎರಡು ವಿಷಯ, ಮುಂದಿನ ಸಲ ಮೂರು ಅಂತ ಹಂಚಿಕೊಳ್ಳಬಹುದು. ನನಗೆ ಇದರಲ್ಲಿ ತುಂಬ ಇಷ್ಟವಾಗುವುದು ವಿಷಯಗಳ ಪಟ್ಟಿ. ಗಣಿತ, ವಿಜ್ಞಾನದ ಜೊತೆಗೆ ಚಿತ್ರಕಲೆ, ಮನಃಶಾಸ್ತ್ರ, ಗೃಹವಿಜ್ಞಾನ, ಕರ್ನಾಟಕ ಸಂಗೀತವೂ ಹತ್ತನೆಯ ವಿಷಯವಾಗಿ ಸಿಗುತ್ತವೆ. ಕನ್ನಡವನ್ನು ಭಾಷೆಯಾಗಿ ತೆಗೆದುಕೊಳ್ಳಬಹುದು. ಬೆಳಗ್ಗೆ ಎರಡು ಗಂಟೆ ವೀಣೆ ನುಡಿಸುವ ಹುಡುಗಿಗೆ ಆ ಎರಡು ಗಂಟೆಯೂ ಹತ್ತನೆಯ ತಯಾರಿಯೇ ಆಗುತ್ತದೆ ಅಂದರೆ ಸಣ್ಣ ಮಾತಲ್ಲ.

ಪುಸ್ತಕಗಳು ವೆಬ್‌ಸೈಟಿನಲ್ಲೇ ಪಿಡಿಎಫ್ ರೂಪದಲ್ಲಿ ಪುಕ್ಕಟೆ ಸಿಗುತ್ತವೆ. ಸೇರುವ ಮೊದಲೇ ಇಳಿಸಿಕೊಂಡು ನೋಡಿ. ಮೇಷ್ಟರಿಲ್ಲದೆ ಓದುವವರಿಗೆಂದೇ ಬರೆದ ಪುಸ್ತಕಗಳಿವು. ಪಾಠದ ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳುತ್ತವೆ, ಉತ್ತರ ಪಾಠದ ಕೊನೆಯಲ್ಲಿರುತ್ತದೆ. ಮಗು ಬರೆದು, ತಾನೇ ತಿದ್ದಿಕೊಂಡು ಮುಂದೆ ಹೋಗಬಹುದು. ಪುಟ ವಿನ್ಯಾಸ ಹಳೆಯ ಕಾಲದ್ದು ಅನ್ನಿಸಬಹುದು. ಅದಕ್ಕೆ ಮನಸ್ಸು ಕೆಡಿಸಿಕೊಳ್ಳಬೇಡಿ. ಥಿಯರಿ ಅಂಕದಲ್ಲಿ ಶೇಕಡ 20ರಷ್ಟು ಟಿಎಂಎ ಎಂಬ ಮನೆಗೆಲಸದ ಉತ್ತರಪತ್ರಿಕೆಗಳಿಗೆ ಇರುತ್ತದೆ. ಅದನ್ನು ಕೊನೆಯ ವಾರಕ್ಕೆ ಬಿಡಬಾರದು.

ಒಂದು ಎಚ್ಚರಿಕೆ. ಎನ್‌ಐಒಎಸ್‌ನಲ್ಲಿ ಗಣಿತ ಬಿಟ್ಟು ಹತ್ತನ್ನು ಮುಗಿಸಬಹುದು. ಮುಂದೆ ಎಂಜಿನಿಯರಿಂಗೋ ಡಿಪ್ಲೊಮಾನೋ ಬೇಕು ಅನ್ನಿಸಿದರೆ ಆಗ ಕಷ್ಟ. ಹದಿನಾಲ್ಕರ ವಯಸ್ಸಿನಲ್ಲಿ ಗಣಿತ ಬೇಜಾರು ಅನ್ನುವ ಮಗು ಹದಿನೇಳಕ್ಕೆ ಬೇರೆಯೇ ಆಗಿರಬಹುದು, ಅಲ್ವಾ?

ಎರಡನೆಯದು ನಮ್ಮ ಎಸ್ಸೆಸ್ಸೆಲ್ಸಿ. ಖಾಸಗಿ ಅಭ್ಯರ್ಥಿಯಾಗಿ, ಅಂದರೆ ಶಾಲೆಗೆ ಸೇರದೆ, ಕಟ್ಟುವ ದಾರಿ ಇದೆ. ವಯಸ್ಸು, ದಾಖಲೆ, ಕೊನೆಯ ದಿನಾಂಕ ಇವನ್ನೆಲ್ಲ ಆ ವರ್ಷದ ಮಂಡಳಿ ಸುತ್ತೋಲೆಯಲ್ಲೇ ನೋಡಿಕೊಳ್ಳಬೇಕು. ಕನ್ನಡ ಮಾಧ್ಯಮದಲ್ಲಿ ಓದುವ ಮಗುವಿಗೆ ಇದಕ್ಕೆ ಸಿಗುವಷ್ಟು ಸಾಮಗ್ರಿ ಬೇರೆ ಯಾವುದಕ್ಕೂ ಸಿಗುವುದಿಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳೆಲ್ಲ ಆನ್‌ಲೈನ್‌ನಲ್ಲಿವೆ. ಹಳೆಯ ಪ್ರಶ್ನೆಪತ್ರಿಕೆ, ಮಾದರಿ ಪತ್ರಿಕೆ, ಕೀ ಉತ್ತರ ಎಲ್ಲ ಸಿಗುತ್ತವೆ. ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ ಸೇರಿ 625 ಅಂಕ. ವಿಷಯ ಆರಿಸಿಕೊಳ್ಳುವ ಸ್ವಾತಂತ್ರ್ಯ ಮಾತ್ರ ಕಡಿಮೆ.

ಮೂರನೆಯದು ಐಜಿಸಿಎಸ್‌ಇ, ಅಂದರೆ ಬ್ರಿಟನ್ನಿನ ಕೇಂಬ್ರಿಡ್ಜ್ ಸಂಸ್ಥೆ ನಡೆಸುವ ಹತ್ತನೆಯ ಮಟ್ಟದ ಅಂತರರಾಷ್ಟ್ರೀಯ ಪರೀಕ್ಷೆ. ಖಾಸಗಿ ಅಭ್ಯರ್ಥಿಗಳನ್ನು ಸೇರಿಸಿಕೊಳ್ಳುವ ಕೇಂದ್ರವನ್ನು ನೀವೇ ಹುಡುಕಬೇಕು. ಎಲ್ಲ ಶಾಲೆಗಳೂ ಒಪ್ಪುವುದಿಲ್ಲ. ಶುಲ್ಕ ವಿಷಯಕ್ಕಿಷ್ಟು ಅಂತ, ಎನ್‌ಐಒಎಸ್‌ಗೆ ಹೋಲಿಸಿದರೆ ತುಂಬ ಜಾಸ್ತಿ. ವಿಜ್ಞಾನದಲ್ಲಿ ಲ್ಯಾಬಿಗೆ ಹೋಗದೆ, ಪ್ರಯೋಗದ ಬಗ್ಗೆ ಬರವಣಿಗೆಯಲ್ಲೇ ಉತ್ತರಿಸುವ ಪತ್ರಿಕೆ ತೆಗೆದುಕೊಳ್ಳಬಹುದು. ಮನೆಯಲ್ಲಿ ಓದುವವರಿಗೆ ಇದು ದೊಡ್ಡ ಅನುಕೂಲ. ಇಂಗ್ಲಿಷಿನಲ್ಲಿ ಸಲೀಸಾಗಿ ಓದಿ ಬರೆಯುವ, ಹೊರದೇಶದಲ್ಲಿ ಓದುವ ಯೋಚನೆಯಿರುವ ಮಕ್ಕಳಿಗೆ ಹೊಂದುತ್ತದೆ. ಉಳಿದವರು ಬರೀ ಹೆಸರಿನ ಆಸೆಗೆ ಇದಕ್ಕೆ ಕೈ ಹಾಕುವ ಅಗತ್ಯ ಇಲ್ಲ ಅಂತ ನನ್ನ ಅಭಿಪ್ರಾಯ. ಎನ್‌ಐಒಎಸ್‌ನಿಂದ ಹನ್ನೆರಡು ಮುಗಿಸಿದವರೂ ಜೆಇಇ, ನೀಟ್ ಬರೆಯುತ್ತಿದ್ದಾರೆ.

ಸಿಬಿಎಸ್‌ಇ ಬಗ್ಗೆ ಹಲವರು ಕೇಳುತ್ತಾರೆ. ಮನೆಯಲ್ಲೇ ಓದಿದ ಮಗು ನೇರವಾಗಿ ಖಾಸಗಿಯಾಗಿ ಕಟ್ಟುವ ದಾರಿ ಅಲ್ಲಿ ಸಾಮಾನ್ಯವಾಗಿ ತೆರೆದಿಲ್ಲ. ಅಲ್ಲಿ ಓದಿಸುವ ಎನ್‌ಸಿಇಆರ್‌ಟಿ ಪುಸ್ತಕಗಳನ್ನು ಮಾತ್ರ ಯಾರು ಬೇಕಾದರೂ ಇಳಿಸಿಕೊಂಡು ಓದಬಹುದು. ಓದಲೇಬೇಕಾದ ಪುಸ್ತಕಗಳವು.

ಗಣಿತ: ಖಾನ್ ಅಕಾಡೆಮಿಯೋ, ದೀಕ್ಷಾನೋ, ಯೂಟ್ಯೂಬೋ

ಒಂದೇ ಒಂದನ್ನು ಇಟ್ಟುಕೊಳ್ಳಿ ಅಂದರೆ ನಾನು ಖಾನ್ ಅಕಾಡೆಮಿ ಅನ್ನುತ್ತೇನೆ. 2008ರಲ್ಲಿ ಸಲ್ಮಾನ್ ಖಾನ್ ಎಂಬ ಅಮೆರಿಕದ ಶಿಕ್ಷಕರು ಕಟ್ಟಿದ, ಲಾಭದ ಉದ್ದೇಶವಿಲ್ಲದ ಸಂಸ್ಥೆ ಇದು. ಪೂರ್ತಿ ಪುಕ್ಕಟೆ, ಜಾಹೀರಾತೂ ಇಲ್ಲ. ಭಾರತದ ತರಗತಿಗಳಿಗೆ ಹೊಂದಿಸಿದ ಪಾಠಗಳಿವೆ, ಕನ್ನಡದಲ್ಲೂ ಇವೆ. ಆದರೆ ಕನ್ನಡದಲ್ಲಿ ಇರುವುದು ಇಂಗ್ಲಿಷಿನಷ್ಟು ಇಲ್ಲ. ನಿಮ್ಮ ಮಗುವಿಗೆ ಬೇಕಾದ ಅಧ್ಯಾಯ ಯಾವ ಭಾಷೆಯಲ್ಲಿದೆ ಎಂದು ಮೊದಲೇ ನೋಡಿಕೊಳ್ಳಿ.

ಖಾನ್ ಅಕಾಡೆಮಿ ಅಂದರೆ ಎಲ್ಲರಿಗೂ ವಿಡಿಯೋ ನೆನಪಾಗುತ್ತದೆ. ನನ್ನ ಪ್ರಕಾರ ಅದರ ನಿಜವಾದ ಬೆಲೆ ಇರುವುದು ಅಭ್ಯಾಸದ ಪ್ರಶ್ನೆಗಳಲ್ಲಿ. ಉದಾಹರಣೆಗೆ −3 − (−8) ಎಷ್ಟು ಅಂತ ಕೇಳುತ್ತದೆ ಅಂದುಕೊಳ್ಳಿ. ಅವಸರದಲ್ಲಿ −11 ಅಂತ ಹಾಕುವ ಮಕ್ಕಳು ಬಹಳ. ಉತ್ತರ ತಪ್ಪು ಅಂತ ತಕ್ಷಣ ಗೊತ್ತಾಗುತ್ತದೆ. ಸುಳಿವು ಕೇಳಿದರೆ ಒಂದೊಂದೇ ಹಂತ ತೆರೆದುಕೊಳ್ಳುತ್ತದೆ. ಋಣ ಸಂಖ್ಯೆಯನ್ನು ಕಳೆಯುವುದೆಂದರೆ ಕೂಡಿಸಿದಂತೆ ಅಂತ ತೋರಿಸುತ್ತದೆ, ಕೊನೆಗೆ 5ಕ್ಕೆ ಬರುತ್ತದೆ. ಸುಳಿವು ತೆಗೆದುಕೊಂಡ ಪ್ರಶ್ನೆಗೆ ಅಂಕವಿಲ್ಲ. ಇನ್ನೂ ಮುಖ್ಯವಾದದ್ದು: ಕೆಲವು ದಿನ ಬಿಟ್ಟು ಬೇರೆ ಪಾಠಗಳ ಜೊತೆ ಬೆರೆಸಿ ಇದೇ ಬಗೆಯ ಪ್ರಶ್ನೆ ಬಂದಾಗ ತಪ್ಪಿದರೆ, ಆ ಪಾಠದಲ್ಲಿ ಮಗುವಿನ ಮಟ್ಟ ಕೆಳಗಿಳಿಯುತ್ತದೆ. ಮಗುವಿಗೆ ಬೇಸರ ಆಗಬಹುದು. ನಿನ್ನೆ ಬಂದದ್ದು ಇವತ್ತು ಮರೆತಿದೆ ಅಂತ ಮನೆಯಲ್ಲಿ ಕೂತು ಬೇರೆ ಹೇಗೆ ತಿಳಿಯುತ್ತದೆ ಹೇಳಿ.

ಕೊರತೆಯೂ ಇದೆ. ಅಲ್ಲಿ ಕೊನೆಯ ಉತ್ತರ ಹಾಕಿದರೆ ಸಾಕು, ಹಂತಗಳನ್ನು ಬರೆಯಬೇಕಾಗಿಲ್ಲ. ಎಸ್ಸೆಸ್ಸೆಲ್ಸಿಯಲ್ಲಾಗಲಿ ಎನ್‌ಐಒಎಸ್‌ನಲ್ಲಾಗಲಿ ಹಂತಕ್ಕೆ ಅಂಕ. ಪ್ರಮೇಯ ಸಾಧಿಸಿ ಬರೆಯುವುದು, ರಚನೆ ಮಾಡುವುದು ಪರದೆಯ ಮೇಲೆ ಬರುವುದಿಲ್ಲ. ಆದ್ದರಿಂದ ಪಕ್ಕದಲ್ಲಿ ನೋಟ್‌ಬುಕ್ಕು ಕಡ್ಡಾಯ ಇರಲಿ. ವಾರಕ್ಕೊಮ್ಮೆ ಹಳೆಯ ಪ್ರಶ್ನೆಪತ್ರಿಕೆಯಿಂದ ಒಂದು ಉದ್ದದ ಲೆಕ್ಕ ಬರೆಸಿ, ಕೀ ಉತ್ತರದ ಜೊತೆ ಹೋಲಿಸಿ ನೋಡಿ.

ದೀಕ್ಷಾ 2017ರಲ್ಲಿ ಬಂದ ಕೇಂದ್ರ ಸರ್ಕಾರದ ವೇದಿಕೆ. ನಮ್ಮ ರಾಜ್ಯದ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಆ ಪಾಠದ ವಿಡಿಯೋ, ಪ್ರಶ್ನೆ ತೆರೆದುಕೊಳ್ಳುತ್ತವೆ. ಕನ್ನಡದಲ್ಲಿ, ಅದೇ ಪುಸ್ತಕಕ್ಕೆ, ಅದೇ ಪಾರಿಭಾಷಿಕ ಪದಗಳಲ್ಲಿ. ಇದು ಖಾನ್‌ನಲ್ಲಿ ಸಿಗದ ಸೌಕರ್ಯ. ಗುಣಮಟ್ಟ ಮಾತ್ರ ಒಂದೇ ಸಮ ಇಲ್ಲ. ಒಂದು ಪಾಠಕ್ಕೆ ಒಳ್ಳೆಯ ವಿಡಿಯೋ, ಮುಂದಿನದಕ್ಕೆ ಬರೀ ಸ್ಲೈಡು. ದೀಕ್ಷಾವನ್ನು ಅನುಮಾನ ಬಂದಾಗ ತೆರೆದು ನೋಡುವ ಗೈಡಿನಂತೆ ಇಟ್ಟುಕೊಂಡು, ಅಭ್ಯಾಸಕ್ಕೆ ಖಾನ್ ಬಳಸುವುದು ಒಳ್ಳೆಯ ಜೋಡಿ.

ಯೂಟ್ಯೂಬಿನಲ್ಲಿ ತ್ರೀ ಬ್ಲೂ ಒನ್ ಬ್ರೌನ್‌ನಂಥ ಚಾನೆಲ್ಲುಗಳು ಗಣಿತದ ಸೊಗಸನ್ನು ತೋರಿಸುತ್ತವೆ. ಹದಿನಾರರ ಮಗುವಿಗೆ ಗಣಿತದ ಮೇಲೆ ಪ್ರೀತಿ ಹುಟ್ಟಿಸಲು ಅದು ಸಾಕು. ಲೆಕ್ಕ ಕಲಿಯಲು ಸಾಲದು. ಭಾನುವಾರ ಸಂಜೆಗೆ ಇಟ್ಟುಕೊಳ್ಳಿ.

ರೇಖಾಗಣಿತಕ್ಕೆ ಜಿಯೋಜೀಬ್ರಾ ತಪ್ಪಿಸಬೇಡಿ. ಪರದೆಯ ಮೇಲೆ ಆಕೃತಿ ಎಳೆಯುವ ಸಾಫ್ಟ್‌ವೇರ್ ಅದು. ತ್ರಿಭುಜ ಎಳೆದು, ಒಂದು ಮೂಲೆ ಹಿಡಿದು ಎಳೆದಾಡಿದರೂ ಮೂರು ಕೋನಗಳ ಮೊತ್ತ 180ರಲ್ಲೇ ನಿಲ್ಲುವುದನ್ನು ಮಗು ತಾನೇ ಕಾಣುತ್ತದೆ. ಸಾಧನೆ ಬರೆಯುವ ಮೊದಲು ಇದನ್ನು ಮಾಡಿಸಿ.

ವಿಜ್ಞಾನ: ಲ್ಯಾಬ್ ಇಲ್ಲ ಅನ್ನುವ ಚಿಂತೆ

ಹೋಂಸ್ಕೂಲಿಂಗ್ ಮಾಡುವವರ ದೊಡ್ಡ ಚಿಂತೆ ಇದೇ. ಎರಡು ಉತ್ತರಗಳಿವೆ, ಎರಡರ ಕೆಲಸವೂ ಬೇರೆ.

ಫೆಟ್ ಎನ್ನುವುದು ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಶುರುವಾದ ಯೋಜನೆ. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ ಇದನ್ನು ಆರಂಭಿಸಿದರು. ಇದರ ಸಿಮ್ಯುಲೇಶನ್‌ಗಳು, ಅಂದರೆ ಪರದೆಯ ಮೇಲೆ ಮಾಡಿ ನೋಡುವ ಪ್ರಯೋಗಗಳು, ಎಲ್ಲವೂ ಪುಕ್ಕಟೆ, ಹಲವು ಕನ್ನಡದಲ್ಲೂ ಇವೆ. ವಿದ್ಯುತ್ ಮಂಡಲದ ಸಿಮ್ಯುಲೇಶನ್ ತೆರೆಯಿರಿ. ಬ್ಯಾಟರಿ, ಬಲ್ಬು, ವೈರು ಎಳೆದು ಜೋಡಿಸಬೇಕು. ಮಂಡಲ ಮುಚ್ಚಿದ ಕೂಡಲೇ ಎಲೆಕ್ಟ್ರಾನುಗಳು ಸಾಲಾಗಿ ಓಡತೊಡಗುತ್ತವೆ. ಸರಣಿಯಲ್ಲಿ ಇನ್ನೊಂದು ಬಲ್ಬು ಹಾಕಿದರೆ ಎರಡೂ ಮಂಕಾಗುತ್ತವೆ. ಸಮಾಂತರದಲ್ಲಿ ಹಾಕಿದರೆ ಆಗುವುದಿಲ್ಲ. ಬಲ್ಬಿನ ಜಾಗಕ್ಕೆ ಪೆನ್ಸಿಲ್, ನಾಣ್ಯ, ರಬ್ಬರು ಇಟ್ಟು ಯಾವುದು ವಾಹಕ ಎಂದು ನೋಡಬಹುದು. ಬ್ಯಾಟರಿಯ ಎರಡೂ ತುದಿಗೆ ನೇರ ವೈರು ಸೇರಿಸಿದರೆ ಬೆಂಕಿ ಹತ್ತುತ್ತದೆ! ಶಾರ್ಟ್ ಸರ್ಕ್ಯೂಟ್ ಎಂದರೇನು ಅಂತ ಮತ್ತೆ ವಿವರಿಸಬೇಕಾಗುವುದಿಲ್ಲ. ನಿಜವಾದ ಬ್ಯಾಟರಿಯಲ್ಲಿ ಹೀಗೆ ಮಾಡಬಾರದು ಅಂತ ಮಾತ್ರ ಹೇಳಿ.

ಫೆಟ್ ಯಾವುದನ್ನೂ ಹೇಳಿಕೊಡುವುದಿಲ್ಲ. ಸುಮ್ಮನೆ ಬಿಟ್ಟರೆ ಮಗು ಹತ್ತು ನಿಮಿಷ ಆಡಿ ಎದ್ದುಹೋಗುತ್ತದೆ. ಒಂದು ಪ್ರಶ್ನೆ ಕೊಟ್ಟು ಕೂರಿಸಬೇಕು: "ಬ್ಯಾಟರಿ ಎರಡು ಮಾಡಿದರೆ ಪ್ರವಾಹ ಎಷ್ಟಾಗುತ್ತದೆ? ಮೊದಲು ಊಹೆ ಬರಿ, ಆಮೇಲೆ ಅಳೆ." ಊಹೆ ಮೊದಲು ಬರೆಸುವುದು ಬಹಳ ಮುಖ್ಯ.

ಓಲ್ಯಾಬ್ಸ್ ಎಂಬ ಆನ್‌ಲೈನ್ ಲ್ಯಾಬು ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆಯಾದ ಸಿ-ಡ್ಯಾಕ್ ಮತ್ತು ಅಮೃತ ವಿಶ್ವವಿದ್ಯಾಪೀಠ ಸೇರಿ ಮಾಡಿದ್ದು. 9ರಿಂದ 12ನೇ ತರಗತಿಯ ಪ್ರಯೋಗಗಳು ಉದ್ದೇಶ, ವಿಧಾನ, ಅನಿಮೇಶನ್, ವೈವಾ ಪ್ರಶ್ನೆ ಸಮೇತ ಇವೆ. ಕುತೂಹಲ ಹುಟ್ಟಿಸುವುದರಲ್ಲಿ ಫೆಟ್ ಮುಂದು. ಪರೀಕ್ಷೆಯ ಪ್ರಾಕ್ಟಿಕಲ್‌ಗೆ ತಯಾರಾಗಲು, ರೆಕಾರ್ಡ್ ಬರೆಯಲು ಓಲ್ಯಾಬ್ಸ್ ಮುಂದು. ಪರೀಕ್ಷೆ ಹತ್ತಿರ ಇಲ್ಲದಿದ್ದರೆ ಫೆಟ್‌ನಿಂದ ಶುರುಮಾಡಿ.

ಎರಡೂ ಪರದೆಯ ಮೇಲಿನವೇ. ಕೈಗೆ ವಸ್ತು ಸಿಗಬೇಕು ಅಂದರೆ, ಬಿಸಾಡುವ ವಸ್ತುಗಳಲ್ಲಿ ಆಟಿಕೆ ಮಾಡಿ ವಿಜ್ಞಾನ ಕಲಿಸುವ ಅರವಿಂದ ಗುಪ್ತಾ ಅವರ ವೆಬ್‌ಸೈಟಿಗೆ ಹೋಗಿ. ಸೈಕಲ್ ವಾಲ್ವ್ ಟ್ಯೂಬು, ಬೆಂಕಿಕಡ್ಡಿ, ಸ್ಟ್ರಾ, ಹಳೆಯ ಸಿಡಿಯಲ್ಲಿ ಆಟಿಕೆ ಮಾಡುವ ಪುಟ್ಟ ವಿಡಿಯೋ ಚಿತ್ರಗಳು ಕನ್ನಡದಲ್ಲೂ ಇವೆ. ಚಿಕ್ಕ ಮಕ್ಕಳದ್ದು ಅಂತ ದಾಟಿಸಬೇಡಿ. ಬ್ಯಾಟರಿ, ತಾಮ್ರದ ತಂತಿ, ಅಯಸ್ಕಾಂತದಲ್ಲಿ ಮೋಟಾರ್ ಮಾಡುವ ಚಿತ್ರ ಹತ್ತನೆಯ ಪಾಠಕ್ಕೆ ನೇರ ಹೊಂದುತ್ತದೆ.

ಕನ್ನಡ ಮತ್ತು ಸಮಾಜ

ಕನ್ನಡದ ವಿಷಯದಲ್ಲಿ ಆನ್‌ಲೈನ್ ಸಾಮಗ್ರಿ ಇನ್ನೂ ಬಡವಾಗಿದೆ. ಓದಲು ಬೇಕಾದಷ್ಟಿದೆ: ಕರ್ನಾಟಕ ಸಾರ್ವಜನಿಕ ಗ್ರಂಥಾಲಯದ ಡಿಜಿಟಲ್ ಸಂಗ್ರಹ, ಸರ್ಕಾರದ ಜ್ಞಾನಕೋಶ ವೆಬ್‌ಸೈಟ್ ಕಣಜ, ಇಂಟರ್ನೆಟ್ ಆರ್ಕೈವ್‌ನಲ್ಲಿರುವ ಹಳೆಯ ಪುಸ್ತಕಗಳ ಸ್ಕ್ಯಾನ್. ಮಗು ಬರೆದ ಪ್ರಬಂಧವನ್ನು ತಿದ್ದಿಕೊಡುವ ವೆಬ್‌ಸೈಟ್ ಮಾತ್ರ ನನಗೆ ಕಂಡಿಲ್ಲ. ಅದಕ್ಕೆ ಮನುಷ್ಯರೇ ಬೇಕು. ನಿವೃತ್ತ ಕನ್ನಡ ಮೇಷ್ಟರೊಬ್ಬರು ಬೀದಿಯಲ್ಲಿ ಇದ್ದರೆ ವಾರಕ್ಕೊಂದು ಪುಟ ಅವರ ಕೈಗೆ ಕೊಡಿ. ಹೆಚ್ಚಿನವರು ಸಂತೋಷದಿಂದ ನೋಡಿಕೊಡುತ್ತಾರೆ.

ಸಮಾಜಕ್ಕೆ ಪಠ್ಯಪುಸ್ತಕ, ಎನ್‌ಸಿಇಆರ್‌ಟಿ ಸಾಕು. ಭೂಗೋಳಕ್ಕೆ ಇಸ್ರೋದ ಭುವನ್ ನಕ್ಷೆ ಸೇರಿಸಿಕೊಳ್ಳಿ. ತಮ್ಮ ತಾಲ್ಲೂಕಿನ ಕೆರೆಗಳನ್ನು ಉಪಗ್ರಹ ಚಿತ್ರದಲ್ಲಿ ಹುಡುಕಿ, ಕಾಗದದ ಮೇಲೆ ನಕ್ಷೆ ಬಿಡಿಸಲಿ.

ಕಂಪ್ಯೂಟರ್

ಕನ್ನಡದಲ್ಲಿ ಕಲಿಯಬೇಕಾದರೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್. ಹೆಚ್ಚಾಗಿ ಹತ್ತು ನಿಮಿಷದ ಆಸುಪಾಸಿನ ಪಾಠಗಳು. ಪರದೆಯ ಅರ್ಧದಲ್ಲಿ ವಿಡಿಯೋ, ಇನ್ನರ್ಧದಲ್ಲಿ ಸಾಫ್ಟ್‌ವೇರ್ ತೆರೆದಿಟ್ಟು, ನಿಲ್ಲಿಸಿ ನಿಲ್ಲಿಸಿ ಮಾಡುತ್ತಾ ಹೋಗಬೇಕು. ಲಿಬ್ರೆ ಆಫೀಸ್, ಚಿತ್ರ ಬಿಡಿಸುವ ಸಾಫ್ಟ್‌ವೇರು, ಪ್ರೋಗ್ರಾಮಿಂಗ್ ಎಲ್ಲ ಇವೆ. ವಿಷಯ ಮತ್ತು ಭಾಷೆ ಎರಡನ್ನೂ ಆರಿಸಿ ಹುಡುಕಿದರೆ ಕನ್ನಡದಲ್ಲಿ ಏನೇನಿದೆ ಗೊತ್ತಾಗುತ್ತದೆ.

ಇಂಗ್ಲಿಷ್ ಓದಬಲ್ಲ ಮಗುವಿಗೆ ಫ್ರೀ ಕೋಡ್ ಕ್ಯಾಂಪ್ ಒಳ್ಳೆಯದು. ಬರೆದ ಕೋಡನ್ನು ಅಲ್ಲೇ ಪರೀಕ್ಷಿಸಿ, ಸರಿಯಾಗುವವರೆಗೆ ಮುಂದೆ ಬಿಡುವುದಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಕೋರ್ಸು ಸಿಎಸ್50 ಇದಕ್ಕಿಂತ ಬಹಳ ಕಠಿಣ. ಪಾಠ ಕೇಳಲು ಮಜವಾಗಿರುತ್ತದೆ, ಕೊಟ್ಟ ಕೆಲಸ ಮಾಡಲು ದಿನಗಟ್ಟಲೆ ಬೇಕು. ಹದಿನೈದು ದಾಟಿದ, ಹಟ ಹಿಡಿದು ಕೂರುವ ಮಕ್ಕಳಿಗೆ ಅದು. ಹನ್ನೆರಡರ ಮಟ್ಟ ದಾಟಿ ಓದುವ ಮಕ್ಕಳು ಕೇಂದ್ರ ಸರ್ಕಾರದ ಸ್ವಯಂ, ಐಐಟಿಗಳು ನಡೆಸುವ ಎನ್‌ಪಿಟಿಇಎಲ್ ಇವುಗಳ ಕಾಲೇಜು ಮಟ್ಟದ ಆನ್‌ಲೈನ್ ಕೋರ್ಸುಗಳನ್ನೂ ನೋಡಬಹುದು. ಸೇರುವುದು ಪುಕ್ಕಟೆ. ಪರೀಕ್ಷೆ ಬರೆದು ಪ್ರಮಾಣಪತ್ರ ಬೇಕೆಂದರೆ ಮಾತ್ರ ಶುಲ್ಕ.

ದುಡ್ಡು ಕೊಟ್ಟು ಲೈವ್ ಕ್ಲಾಸ್ ಬೇಕಾ?

ಕೆಲವು ಮಕ್ಕಳಿಗೆ ಬೇಕು. ಒಬ್ಬರೇ ಓದಲು ಬೇಸರ ಪಡುವವರಿಗೆ, ಸಮಯಕ್ಕೆ ಕಟ್ಟುಬಿದ್ದರೆ ಮಾತ್ರ ಕೂರುವವರಿಗೆ, ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಅನುಕೂಲ. ಆದರೆ ದುಡ್ಡು ಕಟ್ಟುವ ಮೊದಲು ಕೇಳಲೇಬೇಕಾದ ಪ್ರಶ್ನೆ: "ನನ್ನ ಮಗು ಬರೆದದ್ದನ್ನು ಯಾರು ಓದಿ ತಿದ್ದುತ್ತಾರೆ, ಎಷ್ಟು ದಿನದಲ್ಲಿ?" ಇದಕ್ಕೆ ನೇರ ಉತ್ತರ ಬರದಿದ್ದರೆ ನೀವು ಕೊಳ್ಳುತ್ತಿರುವುದು ದುಬಾರಿ ವಿಡಿಯೋ. ಒಂದು ಬ್ಯಾಚಿನಲ್ಲಿ ಎಷ್ಟು ಮಕ್ಕಳು, ಡೆಮೊ ಕ್ಲಾಸಿನ ಮೇಷ್ಟರೇ ಮುಂದೆಯೂ ಇರುತ್ತಾರಾ, ನಡುವೆ ಬಿಟ್ಟರೆ ಹಣ ವಾಪಸ್ ಬರುತ್ತದಾ, ಇದೆಲ್ಲ ಬರವಣಿಗೆಯಲ್ಲಿ ಇರಲಿ. ವರ್ಷದ ಫೀಸನ್ನು ಕಂತಿನ ಸಾಲ ಮಾಡಿಸಿ ಕಟ್ಟಿಸಿಕೊಳ್ಳುವವರಿಂದ ದೂರ ಇರಿ. ಕ್ಲಾಸು ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ.

ಅದೇ ದುಡ್ಡಿಗೆ ಊರಲ್ಲೇ ಒಬ್ಬ ಟ್ಯೂಷನ್ ಮೇಷ್ಟರು ಸಿಕ್ಕರೆ ನಾನು ಅವರನ್ನೇ ಆರಿಸುತ್ತೇನೆ. ಪಾಠ ಖಾನ್‌ನಲ್ಲೋ ಪುಸ್ತಕದಲ್ಲೋ ಆಗಲಿ. ಮೇಷ್ಟರ ಹತ್ತಿರ ಹೋಗುವುದು ವಾರದ ಅನುಮಾನಗಳ ಪಟ್ಟಿ ಹಿಡಿದು, ಬರೆದ ನೋಟ್‌ಬುಕ್ಕು ಹಿಡಿದು. ವಾರಕ್ಕೆ ಎರಡು ಗಂಟೆ ಸಾಕಾಗುತ್ತದೆ.

ಮಗುವಿನ ಮಾತಿಗೆ ಬೆಲೆ ಕೊಡಿ

ಹದಿನಾಲ್ಕು ವರ್ಷದ ಮಗುವಿನ ಬದಲಿಗೆ ನಾವೇ ಎಲ್ಲ ಆರಿಸಿಬಿಟ್ಟರೆ ಮನೆಯಲ್ಲಿ ಓದುವುದರ ಸುಖವೇ ಹೋಗುತ್ತದೆ. ಒಂದೇ ಪಾಠವನ್ನು ಎರಡು ಕಡೆ ಓದಲಿ. ಆಮೇಲೆ ಮೊಬೈಲ್ ಮುಚ್ಚಿಟ್ಟು, "ನಂಗೆ ಹೇಳಿಕೊಡು ನೋಡೋಣ" ಅನ್ನಿ. ಯಾವುದನ್ನು ಓದಿದ ಮೇಲೆ ತಡವರಿಸದೆ ಹೇಳಿತು, ಯಾವುದನ್ನು ಓದಿದ ಮೇಲೆ ಎರಡು ಲೆಕ್ಕ ತಾನೇ ಬಿಡಿಸಿತು ಅಂತ ಇಬ್ಬರೂ ಸೇರಿ ನೋಡಿ ತೀರ್ಮಾನಿಸಿ. ಒಂದು ವಿಷಯಕ್ಕೆ ಒಂದು ಮುಖ್ಯ ಸಾಮಗ್ರಿ, ಜೊತೆಗೆ ಒಂದು ಪೂರಕ. ಅದಕ್ಕಿಂತ ಜಾಸ್ತಿ ಬೇಡ. ಐದು ಆ್ಯಪ್ ಇದ್ದರೆ ದಿನದ ಅರ್ಧ ಯಾವುದು ತೆರೆಯೋಣ ಅನ್ನುವುದರಲ್ಲೇ ಕಳೆಯುತ್ತದೆ.

ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಕಟ್ಟುವ ಮಗುವಿಗೆ ಪಠ್ಯಪುಸ್ತಕ, ದೀಕ್ಷಾ, ಹಳೆಯ ಪ್ರಶ್ನೆಪತ್ರಿಕೆ ಮುಖ್ಯ. ಗಣಿತದ ಅಭ್ಯಾಸಕ್ಕೆ ಕನ್ನಡ ಖಾನ್, ವಿಜ್ಞಾನಕ್ಕೆ ಫೆಟ್. ಸಂಗೀತವೋ ಕ್ರೀಡೆಯೋ ದಿನದ ಹೆಚ್ಚು ಹೊತ್ತು ಬೇಡುವ ಮಗುವಿಗೆ ಎನ್‌ಐಒಎಸ್ ಪುಸ್ತಕಗಳೇ ಬೆನ್ನೆಲುಬು, ಕಷ್ಟದ ಅಧ್ಯಾಯಕ್ಕೆ ಮಾತ್ರ ಖಾನ್. ಐಜಿಸಿಎಸ್‌ಇ ಮಗುವಿಗೆ ಪಠ್ಯಕ್ರಮದ ಪಟ್ಟಿ ಇಳಿಸಿಕೊಂಡು, ಒಂದೊಂದು ಸಾಲಿನ ಮುಂದೆ ಯಾವ ಸಾಮಗ್ರಿ ಅಂತ ಬರೆದುಕೊಳ್ಳಬೇಕು. ಖಾನ್‌ನ ಪಾಠಗಳು ಆ ಕ್ರಮದಲ್ಲಿ ಬರುವುದಿಲ್ಲ.

ನೆಟ್ ಸರಿಯಿಲ್ಲದ ಊರಿನವರಿಗೆ ಇನ್ನೊಂದು ಮಾತು. ಎನ್‌ಐಒಎಸ್ ಮತ್ತು ಪಠ್ಯಪುಸ್ತಕದ ಪಿಡಿಎಫ್‌ಗಳನ್ನು ಪೇಟೆಗೆ ಹೋದಾಗ ಒಂದೇ ಸಲ ಇಳಿಸಿಕೊಳ್ಳಿ. ಫೆಟ್‌ನ ಸಿಮ್ಯುಲೇಶನ್ನುಗಳನ್ನೂ ಇಳಿಸಿ ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡರೆ ನೆಟ್ ಇಲ್ಲದೆ ಓಡುತ್ತವೆ. ದೀಕ್ಷಾ ಆ್ಯಪ್‌ನಲ್ಲಿ, ಖಾನ್‌ನ ಮೊಬೈಲ್ ಆ್ಯಪ್‌ನಲ್ಲಿ ವಿಡಿಯೋ ಉಳಿಸಿಕೊಳ್ಳಬಹುದು. ಖಾನ್‌ನ ಅಭ್ಯಾಸದ ಪ್ರಶ್ನೆಗಳಿಗೆ ಮಾತ್ರ ನೆಟ್ ಬೇಕೇ ಬೇಕು. ಸಿಗ್ನಲ್ ಚೆನ್ನಾಗಿರುವ ಹೊತ್ತನ್ನು ಅದಕ್ಕೇ ಮೀಸಲಿಡಿ. ಟಿವಿ ಇದ್ದರೆ ಡಿಟಿಎಚ್‌ನಲ್ಲಿ ಸ್ವಯಂ ಪ್ರಭಾ ಚಾನೆಲ್ಲುಗಳು ಪುಕ್ಕಟೆ ಬರುತ್ತವೆ, ಎನ್‌ಐಒಎಸ್ ಪಾಠಗಳೂ ಅವುಗಳಲ್ಲಿ ಇವೆ. ನೋಡುವಾಗ ಕೈಯಲ್ಲಿ ಪೆನ್ನು, ಮುಂದೆ ನೋಟ್‌ಬುಕ್ಕು ಇರಲಿ.